ಮೆಣಸಿನಕಾಯಿಗೆ ಎರಡು ಪರೀಕ್ಷೆ, ವಿಶ್ವವಿದ್ಯಾಲಯಕ್ಕೆ ಒಂದೇನಾ?

ಕಾಯಿ ಕೆಂಪಗಿದ್ದ ಮಾತ್ರಕ್ಕೆ ಖಾರ ಇರಬೇಕೆಂದಿಲ್ಲ. ಮೋಟೆಬೆನ್ನೂರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರೋದೇ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ. ಎರಡನ್ನೂ ಬೇರೆ ಬೇರೆ ನೋಡಿದರೇ ತಳಿ ಯಾವುದೆಂದು ತಿಳಿಯುತ್ತೆ.

ಜಿನೀವಾ ಬಳಿಯ ಸರ್ನ್‌ನಲ್ಲೂ ಕಷ್ಟ ಇದೇ. 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಡಿಕ್ಕಿಯಾದಾಗ ಸಾವಿರಾರು ಕಣಗಳು ಚಿಮ್ಮುತ್ತವೆ. ಬಹುಪಾಲು ಪಯಾನ್, ಜತೆಗೆ ಕೇಯಾನ್, ಪ್ರೋಟಾನ್. ವಿದ್ಯುದಂಶವಿರುವ ಕಣದ ದಾರಿ ಕಾಂತಕ್ಷೇತ್ರದಲ್ಲಿ ಬಾಗುತ್ತದೆ, ಅದರಿಂದ ಸಂವೇಗ ಗೊತ್ತಾಗುತ್ತದೆ. ಆದರೆ ಕಣ ಯಾವುದು? ಅದಕ್ಕೇ ಆಲಿಸ್ ಪ್ರಯೋಗದಲ್ಲಿ ಸುಮಾರು 90 ಘನ ಮೀಟರ್ ಅನಿಲ ತುಂಬಿದ ಪತ್ತೆಯಂತ್ರವಿದೆ. ಅನಿಲದಲ್ಲಿ ಕಣ ಎಷ್ಟು ಶಕ್ತಿ ಕಳೆದುಕೊಂಡಿತು ಅನ್ನೋದೇ ಗುರುತು.

ಸಂವೇಗ 1 ಜಿಇವಿ ಆಸುಪಾಸಿಗೆ ಬಂದಾಗ ಈ ಗುರುತು ಕೈಕೊಡುತ್ತೆ. ಪಯಾನ್, ಕೇಯಾನ್ ಎರಡೂ ಹೆಚ್ಚುಕಮ್ಮಿ ಒಂದೇ ಸಮ ಶಕ್ತಿ ಕಳೆದುಕೊಳ್ಳುತ್ತವೆ. ಆಗ ಗಡಿಯಾರ ಬೇಕು. 3.7 ಮೀಟರ್ ದೂರ ತಲುಪುವಾಗ ಭಾರದ ಕೇಯಾನ್ ಸುಮಾರು 1.3 ನ್ಯಾನೊಸೆಕೆಂಡ್ ಹಿಂದೆ ಬೀಳುತ್ತದೆ. ಕೇಯಾನ್‌ನಲ್ಲಿ ಸ್ಟ್ರೇಂಜ್ ಕ್ವಾರ್ಕ್ ಇದೆ. ವಿಶ್ವ ಹುಟ್ಟಿದ ಮೊದಲ ಮೈಕ್ರೊಸೆಕೆಂಡುಗಳ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ ಬಗ್ಗೆ ತಿಳಿಯೋಕೆ ಅದರ ಲೆಕ್ಕ ಮುಖ್ಯ. ಗುರುತು ತಪ್ಪಿದರೆ ಲೆಕ್ಕವೂ ತಪ್ಪು.

ಇದು ಯಾರದ್ದೋ ವಿಜ್ಞಾನವಲ್ಲ. ಆಲಿಸ್‌ನ ಮ್ಯೂವಾನ್ ವಿಭಾಗದ ‘ಮಾನಸ್’ ಚಿಪ್ ರೂಪಿಸಿದ್ದು ಕೋಲ್ಕತ್ತಾದ ಸಾಹಾ ಸಂಸ್ಥೆ, ತಯಾರಿಸಿದ್ದು ಚಂಡೀಗಢದಲ್ಲಿ. 2017ರಿಂದ ಭಾರತ ಸರ್ನ್‌ನ ಸಹಸದಸ್ಯ. ಆಲಿಸ್‌ನ ಒಂದಷ್ಟು ದತ್ತಾಂಶ ಇಂಟರ್ನೆಟ್ಟಿನಲ್ಲಿ ಉಚಿತ. ಮೋಟೆಬೆನ್ನೂರಿನ ಹುಡುಗಿಯೂ ತೆರೆದು ನೋಡಬಹುದು, ಹೇಳಿಕೊಡೋ ಮೇಷ್ಟ್ರು ಹತ್ತಿರದಲ್ಲಿದ್ದರೆ!

ಆ ‘ಹತ್ತಿರ’ದ ಮೇಲೇ ಕತ್ತಿ ಬೀಸಿದ್ದು. 2023ರಲ್ಲಿ ಶುರುವಾದ ಹಾವೇರಿ ವಿಶ್ವವಿದ್ಯಾಲಯವೂ ಸೇರಿ ಒಂಬತ್ತನ್ನು ಮುಚ್ಚಬೇಕೆಂದು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೇಳಿತು. ಮುಖ್ಯ ಕಾರಣ ದುಡ್ಡು. ಅದು ಸುಳ್ಳಲ್ಲ, ಹಿಂದಿನ ಸರ್ಕಾರ ಹಣ, ಸಿಬ್ಬಂದಿ ಸರಿಯಾಗಿ ಕೊಡದೆ ಬೋರ್ಡು ನೆಟ್ಟಿತ್ತು. ಆದರೆ ಖರ್ಚು ಒಂದೇ ಅಳತೆ. ಮನೆಯಲ್ಲಿ ಮೊದಲ ಸಲ ಎಂ.ಎಸ್ಸಿ. ಮೆಟ್ಟಿಲು ಹತ್ತುವವರು ಎಷ್ಟು ಜನ, ಅವರಲ್ಲಿ ಹುಡುಗಿಯರೆಷ್ಟು ಅನ್ನೋದು ಇನ್ನೊಂದು. ಹಾವೇರಿಯಾದರೆ ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆ ಸೇರಬಹುದು. ಧಾರವಾಡ ಅಂದ್ರೆ ಹಾಸ್ಟೆಲ್ ಸೀಟು, ಮೆಸ್ ಬಿಲ್ಲು, ಅದಕ್ಕೂ ಮೊದಲು ಅಪ್ಪನ ಒಪ್ಪಿಗೆ.