ಸೂಜಿ ಅವಳದು, ಬೆಲೆ ಯಾರದು?

ಹೆಣ್ಣುಮಕ್ಕಳಿಗೆ ಹೊಲಿಗೆಯಂತ್ರ ಹಂಚುವ ಸಮಾರಂಭಗಳಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಹಾರ, ಭಾಷಣ, ಭಾವಚಿತ್ರ ಎಲ್ಲವೂ ಸಾಂಗವಾಗಿ ನಡೆಯುತ್ತವೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಯ ಕಸುಬೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಸಾಲ ಉಂಟು. ಒಳ್ಳೆಯದೇ. ಬೇಡವೆನ್ನುವವರು ಯಾರು? ಆದರೆ ಯಂತ್ರ ಮನೆ ಸೇರಿದ ಮೇಲೆ ಏಳುವ ಪ್ರಶ್ನೆ ಬೇರೆ: ಅವಳು ಹೊಲಿದುದಕ್ಕೆ ಬೆಲೆ ಕಟ್ಟುವವರು ಯಾರು?

ನಮ್ಮ ಕೆಲಸಗಾರರ ಓಣಿಗಳಲ್ಲಿ ಮನೆಹೊಲಿಗೆ ಎರಡು ಬಗೆಯಾಗಿ ನಡೆಯುತ್ತದೆ. ಒಬ್ಬಳು ನೆರೆಹೊರೆಯವರ ರವಿಕೆ, ಲಂಗ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಗಿರಾಕಿಯೊಡನೆ ತಾನೇ ದರ ಮಾತಾಡುತ್ತಾಳೆ. ಇನ್ನೊಬ್ಬಳು ದಲ್ಲಾಳಿ ಕತ್ತರಿಸಿ ತಂದುಹಾಕಿದ ಬಟ್ಟೆಯನ್ನು ಹೊಲಿದು ಅವನಿಗೇ ಹಿಂದಿರುಗಿಸುತ್ತಾಳೆ. ಇಬ್ಬರಿಗೂ 'ಸ್ವಯಂ ಉದ್ಯೋಗಿ' ಎಂಬ ಒಂದೇ ಬಿರುದು! ಲೆಕ್ಕಕ್ಕೆಂದು ಹಿಡಿಯಿರಿ: ಒಂದು ಚೀಲಕ್ಕೆ 5 ರೂಪಾಯಿ ಕೂಲಿ, ಅರ್ಧ ಗಂಟೆಯ ಕೆಲಸ. 8 ಗಂಟೆ ತಲೆಯೆತ್ತದೆ ಹೊಲಿದರೆ 80 ರೂಪಾಯಿ. ಅದರಲ್ಲಿ ನೂಲು, ಸೂಜಿ, ಎಣ್ಣೆ, ಕರೆಂಟು, ಯಂತ್ರದ ಸವಕಳಿ ಎಲ್ಲ ಅವಳದೇ. ಗಿರಣಿಯವರು ಮಗ್ಗದ ಖರ್ಚನ್ನು ಕೆಲಸಗಾರನ ಪಗಾರದಲ್ಲಿ ಮುರಿದುಕೊಂಡರೆ ನಾವು ಸುಮ್ಮನಿರುತ್ತೇವೆಯೇ? ಮನೆಯೊಳಗೆ ಅದೇ ನಡೆದರೆ ಮಾತ್ರ ನಮಗೆ ಕಾಣುವುದಿಲ್ಲ.

ಇದಕ್ಕೆ ದಾರಿಯಿಲ್ಲವೆನ್ನುವವರು ಅಹಮದಾಬಾದಿನ ಕಡೆ ನೋಡಬೇಕು. ಅಲ್ಲಿನ ಗಿರಣಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಅವರು 1972ರಲ್ಲಿ 'ಸೇವಾ' ಸಂಘವನ್ನು ಕಟ್ಟಲು ಹೊರಟಾಗ, ಮಾಲೀಕನೇ ಇಲ್ಲದ ಹೆಂಗಸರಿಗೆ ಯೂನಿಯನ್ ಏತಕ್ಕೆಂದು ಕಾರ್ಮಿಕ ಇಲಾಖೆ ಅಡ್ಡಿ ತೆಗೆಯಿತು. ಸಂಘವಿರುವುದು ದುಡಿಯುವವರ ಒಗ್ಗಟ್ಟಿಗಾಗಿ ಎಂದು ವಾದಿಸಿ ಅವರು ನೋಂದಣಿ ಪಡೆದರು. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಅದೇ ಊರಿನಲ್ಲಿ ಗಿರಣಿಯ ಚಿಂದಿಯನ್ನು ಕೂಡಿಸಿ ರಜಾಯಿಯ ಹೊದಿಕೆ ಹೊಲಿಯುತ್ತಿದ್ದ ಹೆಂಗಸರಿದ್ದರು. ಹೆಚ್ಚು ಕೂಲಿ ಕೇಳಿದ್ದಕ್ಕೆ ವ್ಯಾಪಾರಿಗಳು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಆಗ ಅವರು ಗಿರಣಿಗಳಿಂದಲೇ ನೇರವಾಗಿ ಚಿಂದಿ ಕೊಂಡು, ಸಹಕಾರ ಸಂಘ ಕಟ್ಟಿ, ತಾವೇ ಹೊಲಿದು ಮಾರಿದರು. ಚಿಂದಿ ಅದೇ, ಕೈಗಳೂ ಅವೇ. ಬದಲಾದದ್ದು ಒಡೆತನ.

ಕಾನೂನೂ ಪೂರ್ತಿ ಕಣ್ಣು ಮುಚ್ಚಿಲ್ಲ. ಹೈದರಾಬಾದಿನ ಕಡೆಯ ದರ್ಜಿ ಅಂಗಡಿಗಳ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1973ರಲ್ಲೇ ತೀರ್ಪಿತ್ತಿದೆ: ಪೀಸಿನ ಲೆಕ್ಕದಲ್ಲಿ ಕೂಲಿ ಪಡೆದರೂ, ಕೆಲವೊಮ್ಮೆ ಬಟ್ಟೆಯನ್ನು ಮನೆಗೆ ಒಯ್ದು ಹೊಲಿದರೂ, ಆ ದರ್ಜಿಗಳು ಅಂಗಡಿಯ ನೌಕರರೇ. ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾಲೀಕನಿಗಿದೆಯೆಂದರೆ, ಅವನ ಹಿಡಿತವೂ ಇದೆಯೆಂದೇ ಅರ್ಥ. ಮನೆಯಲ್ಲಿ ಕೂಲಿ ಮಾಡುವವರಿಗೆ ಉಳಿದ ಕಾರ್ಮಿಕರ ಸಮಾನ ಹಕ್ಕು ದೊರೆಯಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಪ್ಪಂದ ಮಾಡಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. ಯಂತ್ರ ಹಂಚುವ ಕೈಗೆ ಈ ಸಹಿಯೊಂದು ಭಾರವೇ?

ಇನ್ನು ಕಲೆಯ ಮಾತು. ಧಾರವಾಡ ಸೀಮೆಯ ಕಸೂತಿಯನ್ನು ನೋಡಿ. ಬಟ್ಟೆಯ ಎಳೆಯೆಣಿಸಿ ತೇರು, ಗೋಪುರ, ತುಳಸಿಕಟ್ಟೆ ಮೂಡಿಸುವ ಆ ಕೈಗೆ ಅಚ್ಚೂ ಬೇಡ, ನಕ್ಷೆಯೂ ಬೇಡ. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಕಾಣುತ್ತವೆ. ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವ ಅಜ್ಜಿಗೂ, ಕನ್ನಡಿ ಕೂರಿಸುವ ಸಂಡೂರಿನ ಲಂಬಾಣಿ ಹೆಣ್ಣಿಗೂ ಇರುವ ವಿದ್ಯೆ ಸಣ್ಣದಲ್ಲ. ಕಸೂತಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ, ಸಂತೋಷ. ಆದರೆ ಗುರುತು ಹೆಸರನ್ನು ಕಾಯುತ್ತದೆಯೇ ಹೊರತು ಹೊಲಿದವಳ ಕೂಲಿಯನ್ನಲ್ಲ. ದೊಡ್ಡ ಊರಿನ ಅಂಗಡಿಯ ಗಾಜಿನ ಹಿಂದೆ ಬಟ್ಟೆಯ ಬೆಲೆ ಏರುತ್ತದೆ. ಕೂಲಿ ಅಡಿಗೆಮನೆಯ ಹೊಸ್ತಿಲಲ್ಲೇ ಕೂತಿರುತ್ತದೆ.

ಆಗಬೇಕಾದುದೇನು? ಮೊದಲನೆಯದು, ಹೊಲಿಯುವಾಕೆ ಬಟ್ಟೆ, ನೂಲುಗಳ ಜೊತೆಗೆ ತನ್ನ ತಾಸುಗಳನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಲಿ. ತನ್ನ ದುಡಿಮೆಗೆ ತಾನೇ ಬೆಲೆ ಹಾಕದಿದ್ದರೆ ಬೇರೆಯವರು ಹಾಕಿಯಾರೇ? ಎರಡನೆಯದು, ಓಣಿಯ ಹತ್ತು ಯಂತ್ರಗಳು ಒಂದಾಗಲಿ. ಬಟ್ಟೆಯನ್ನು ಸಗಟಿನಲ್ಲಿ ಕೊಂಡು, ಮಾದರಿಗಳನ್ನು ಸಂಘದ ಹೆಸರಿನಲ್ಲಿಟ್ಟು, ಒಂದು ದರ ಕಟ್ಟಲಿ. ಒಬ್ಬೊಬ್ಬಳನ್ನೇ ಕರೆದು ದರ ಇಳಿಸುವ ದಲ್ಲಾಳಿಯ ಆಟ ಅಲ್ಲಿಗೆ ನಿಲ್ಲುತ್ತದೆ.

ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ದೊಡ್ಡ ಬಂಡವಾಳದ ಸಿದ್ಧ ಉಡುಪು ನಿಮ್ಮ ಕಟ್‌ಪೀಸ್ ಅಂಗಡಿಯನ್ನೂ ಅವಳ ಯಂತ್ರವನ್ನೂ ಒಟ್ಟಿಗೇ ನುಂಗುತ್ತದೆ. ಅವಳ ಕೂಲಿಯಲ್ಲಿ ಒಂದು ರೂಪಾಯಿ ಕಡಿದು ನೀವು ಉಳಿಯಲಾರಿರಿ. ಅವಳು ಹೊಲಿದ ಮಾಲಿಗೆ ನಿಮ್ಮ ಅಂಗಡಿಯಲ್ಲಿ ಜಾಗ ಕೊಟ್ಟು, ಹಣವನ್ನು ಆ ವಾರವೇ ಸಲ್ಲಿಸಿದರೆ ಇಬ್ಬರೂ ಉಳಿದೀರಿ.

ಗಿರಣಿಯ ಅಣ್ಣಂದಿರೇ, ಪಾಳಿ ಮುಗಿದರೆ ನಿಮಗೆ ವಿಶ್ರಾಂತಿ. ಮನೆಯಾಕೆಗೆ ಒಲೆ, ನೀರು, ಮಕ್ಕಳು ಮುಗಿದ ಮೇಲೆ ಯಂತ್ರದ ಪಾಳಿ. ಸಂಘದ ಸಭೆಗೆ ಆಕೆ ಹೊರಟ ಸಂಜೆ ಒಲೆಯ ಮುಂದೆ ನೀವು ಕೂತರೆ, ಅದೂ ಚಳವಳಿಯ ಕೆಲಸವೇ.