ತಕ್ಕಡಿಯೊಂದೇ ಬೆಲೆಗಾರನಲ್ಲ

ಸೇಡಮ್, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಹಿತ್ತಿಲಿನಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಹಳೆಯ ಕೃಷಿಯಂತ್ರಗಳು ತುಕ್ಕು ಹಿಡಿದು ಬಿದ್ದಿರುವದನ್ನು ಕಾಣದವರು ವಿರಳ. ಕಬ್ಬಿಣದ ರಂಟೆ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಬಾವಿಯ ನೀರೆತ್ತುತ್ತಿದ್ದ ಎಣ್ಣೆಯ ಇಂಜಿನು ಇವೆಲ್ಲ ಒಂದು ಕಾಲಕ್ಕೆ ಮನೆತನದ ಪ್ರತಿಷ್ಠೆಯ ಕುರುಹುಗಳಾಗಿದ್ದವು. ಇಂದು ಅಣ್ಣತಮ್ಮಂದಿರ ಪಾಲಾದಾಗಲೋ ಕೊಟ್ಟಿಗೆಯನ್ನು ಕೆಡವಿದಾಗಲೋ ಗುಜರಿಯವನು ಬಂದು ತೂಗಿ, ಹಣವನ್ನೆಣಿಸಿ, ಅವನ್ನು ಒಯ್ಯುವನು. ಮಾರುವವನು ಕೇಳುವ ಪ್ರಶ್ನೆ ಒಂದೇ: ಕಿಲೋಕ್ಕೆ ಎಷ್ಟು? ಈ ಪ್ರಶ್ನೆಯಿಂದಲೇ ಅವನ ನಷ್ಟವು ಆರಂಭವಾಗುತ್ತದೆಂದು ನಾವು ತಿಳಿದಿದ್ದೇವೆ.

ಹಳೆಯ ಯಂತ್ರಕ್ಕೆ ಬೆಲೆಯು ಒಂದಲ್ಲ, ಮೂರು. ಮೊದಲನೆಯದು ಲೋಹದ ಬೆಲೆ. ಇದರಲ್ಲಿಯೂ ಎರಕದ ಕಬ್ಬಿಣ ಬೇರೆ, ಹಿತ್ತಾಳೆ ಬೇರೆ, ತಾಮ್ರ ಬೇರೆ; ಎಲ್ಲವನ್ನೂ ಒಂದೇ ದರದಲ್ಲಿ ತೂಗಿಸಿದವನು ಆಗಲೇ ಮೋಸ ಹೋದನು. ಎರಡನೆಯದು ಕೆಲಸದ ಬೆಲೆ. ಯಂತ್ರವು ಇನ್ನೂ ನಡೆಯುವಂತಿದ್ದರೆ, ಅದೇ ಕೆಲಸವನ್ನು ಮಾಡುವ ಬಳಸಿದ ಯಂತ್ರವು ಪೇಟೆಯಲ್ಲಿ ಎಷ್ಟಕ್ಕೆ ಮಾರುತ್ತದೆಂದು ನೋಡಿ, ದುರಸ್ತಿಯ ಖರ್ಚನ್ನು ಕಳೆದರೆ ಅದು ತಿಳಿಯುವದು. ಮೂರನೆಯದು ಹಳಮೆಯ ಬೆಲೆ. ಇದನ್ನು ತಕ್ಕಡಿಯು ಅರಿಯದು. ಬಲ್ಲವರ ಕಣ್ಣು ಮಾತ್ರ ಅರಿಯುವದು.

ಒಂದು ಉದಾಹರಣೆಯನ್ನು ನೋಡೋಣ. ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿ, ೧೯೧೦ರಲ್ಲಿ ಔಂಧ ಸಂಸ್ಥಾನದ ಭೂಮಿಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣವು ಭೂಮಿಗೆ ವಿಷವೆಂಬ ಶಂಕೆಯಿಂದ ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲೂ ಹಿಂಜರಿದರು. ಪರದೇಶದ ಮಾಲಿನೆದುರು ನಮ್ಮವರೇ ಎರಕ ಹೊಯ್ದು ನಿಲ್ಲಿಸಿದ ಆ ಕಾಲದ ನೇಗಿಲೊಂದು ಅಚ್ಚೊತ್ತಿದ ಹೆಸರಿನೊಡನೆ ಇಂದು ದೊರೆತರೆ, ಅದನ್ನು ಬರಿಯ ಕಬ್ಬಿಣವೆನ್ನಬಹುದೇ?

ಹೆಸರಿನಲ್ಲಿಯೂ ಎಚ್ಚರ ಬೇಕು. ಇಂಗ್ಲಂಡದ ಡರ್ಸ್ಲಿಯ ಲಿಸ್ಟರ್ ಕಂಪನಿಯು ೧೯೩೦ರ ಸುಮಾರಿಗೆ ಹೊರತಂದ, ಎರಡು ಭಾರವಾದ ಗಾಲಿಗಳುಳ್ಳ, ನಿಧಾನವಾಗಿ ನಡೆಯುವ ಡೀಸೆಲ್ ಇಂಜಿನು ನಮ್ಮ ದೇಶದಲ್ಲಿ ಬಹಳ ಹೆಸರುವಾಸಿಯಾಯಿತು. ಅದರ ಮಾದರಿಯನ್ನೇ ಅನುಸರಿಸಿ ಗುಜರಾಥದ ರಾಜಕೋಟದಲ್ಲಿ ಅಸಂಖ್ಯ ಇಂಜಿನುಗಳು ತಯಾರಾದವು. ದೂರದಿಂದ ನೋಡಿದರೆ ಎರಡೂ ಒಂದೇ. ಕೆಲಸದ ಬೆಲೆಯಲ್ಲಿ ರಾಜಕೋಟದ್ದು ಮೇಲಾಗಬಹುದು, ಏಕೆಂದರೆ ಅದರ ಬಿಡಿಭಾಗಗಳು ಸುಲಭವಾಗಿ ಸಿಗುವವು. ಹಳಮೆಯ ಬೆಲೆಯಲ್ಲಿ ಡರ್ಸ್ಲಿಯದೇ ಮೇಲು. ಇವೆರಡರ ಅಂತರವನ್ನು ಹೇಳುವದು ಅಂಗೈಯಗಲದ ಒಂದು ಹೆಸರಿನ ಫಲಕ ಮತ್ತು ಅದರ ಮೇಲಿನ ಅಂಕಿ. ಆ ಫಲಕವನ್ನು ಹಿತ್ತಾಳೆಯ ಆಸೆಗೆ ಕಿತ್ತು ಮಾರುವದೆಂದರೆ ಜಹಗೀರಿನ ಸನದನ್ನು ಒಲೆಗೆ ಹಾಕಿದಂತೆ.

ಆದುದರಿಂದ ಬೆಲೆಯನ್ನು ಅಂದಾಜಿಸುವವನು ಅನುಕ್ರಮವಾಗಿ ನೋಡತಕ್ಕದ್ದೇನೆಂದರೆ: ಹೆಸರು ಮತ್ತು ಅಂಕಿ ಉಳಿದಿವೆಯೇ, ಭಾಗಗಳೆಲ್ಲ ಇವೆಯೇ, ಅವು ಮೂಲದವೇ, ಎರಕವು ಬಿರಿದಿದೆಯೇ, ಗಾಲಿಯು ಕೈಯಿಂದ ತಿರುಗುವದೇ, ಖರೀದಿಯ ಪಾವತಿಯಾದರೂ ಮನೆಯಲ್ಲಿದೆಯೇ. ಮಾರುವ ಮುನ್ನ ಹೊಸ ಬಣ್ಣ ಬಳಿದು ಹೊಳೆಯಿಸುವದು ತಪ್ಪು. ಸಂಗ್ರಾಹಕನು ಹಳೆಯ ಬಣ್ಣವನ್ನೇ ಹುಡುಕುವನು. ಬಂದ ಬೆಲೆಯಿಂದ ಸಾಗಾಣಿಕೆಯ ವೆಚ್ಚವನ್ನೂ ಕಳೆಯಬೇಕು. ಜಾಹೀರಾತಿನಲ್ಲಿ ಕೇಳಿದ ಬೆಲೆ ಬೆಲೆಯಲ್ಲ, ಕೊಟ್ಟು ಕೊಂಡದ್ದೇ ಬೆಲೆ.

ಹಳೆಯದೆಲ್ಲ ಹೊನ್ನೆಂದು ನಾವು ಯಾರಿಗೂ ಆಸೆ ಹುಟ್ಟಿಸುವದಿಲ್ಲ. ಅರ್ಧ ಭಾಗಗಳು ಕಳೆದುಹೋದ, ಊರೂರಿಗೂ ಇರುವ ಸಾಮಾನ್ಯ ಯಂತ್ರವು ಕೊನೆಗೆ ತೂಕಕ್ಕೇ ಹೋಗುವದು, ಅದರಲ್ಲಿ ಅನ್ಯಾಯವಿಲ್ಲ. ನೋಡದೆ ತೂಗುವದೇ ಅನ್ಯಾಯ.

ಕಾಯಿದೆಯೂ ಈ ವಿಷಯದಲ್ಲಿ ಸಾಕಷ್ಟು ನೆರವಾಗಿಲ್ಲ. ೧೯೭೨ರ ಪ್ರಾಚ್ಯವಸ್ತುಗಳ ಅಧಿನಿಯಮದ ಪ್ರಕಾರ, ಗತಕಾಲದ ವಿಜ್ಞಾನ ಮತ್ತು ಕೈಕಸುಬುಗಳನ್ನು ತೋರುವ ವಸ್ತುವು ನೂರು ವರ್ಷ ತುಂಬಿದ್ದರೆ ಪ್ರಾಚ್ಯವಸ್ತುವೆನಿಸಬಲ್ಲದು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ತೊಂಬತ್ತು ವರ್ಷದ ಇಂಜಿನಿಗೆ ಈ ರಕ್ಷಣೆಯಿಲ್ಲ. ನೂರು ತುಂಬುವ ಮೊದಲೇ ಅದು ಕುಲುಮೆಯನ್ನು ಸೇರಿರುತ್ತದೆ. ೨೦೨೧ರಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ಮೀರಿದ ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಪ್ರತ್ಯೇಕ ನೋಂದಣಿಯ ಮರ್ಯಾದೆಯನ್ನಿತ್ತಿತು. ಹೊಲದಲ್ಲಿ ದುಡಿದ ಟ್ರ್ಯಾಕ್ಟರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ.

ಆದರೆ ಎಲ್ಲಕ್ಕೂ ಸರಕಾರದ ಮುಖ ನೋಡಬೇಕಾದ ಕಾರಣವಿಲ್ಲ. ಚಿಂಚೋಳಿ, ಸೇಡಮ್, ಚಿತ್ತಾಪುರಗಳಲ್ಲಿ ಯಂತ್ರಗಳಿದ್ದರೆ, ವಾಡಿ, ಶಹಾಬಾದಗಳಲ್ಲಿ ಯಂತ್ರವನ್ನು ಬಲ್ಲವರಿದ್ದಾರೆ. ಸಿಮೆಂಟಿನ ಕಾರ್ಖಾನೆಗಳಲ್ಲಿಯೂ ರೈಲಿನ ಕೆಲಸದಲ್ಲಿಯೂ ಆಯುಷ್ಯವನ್ನು ಸವೆಸಿದ ಫಿಟ್ಟರುಗಳು, ಲೇಥಿನ ಕೆಲಸಗಾರರು ಬೆರಳಿನಿಂದ ತಟ್ಟಿ ಎರಕದ ಗುಣವನ್ನು ಹೇಳಬಲ್ಲರು. ಇವರಲ್ಲಿ ಕೆಲವರು ಸಂತೆಯ ದಿನ ಒಂದೆಡೆ ಕುಳಿತು, ರೈತನು ತಂದ ಚಿತ್ರವನ್ನೂ ಅಂಕಿಯನ್ನೂ ನೋಡಿ ಮೂರು ಬೆಲೆಗಳನ್ನು ಬರೆದುಕೊಟ್ಟರೆ ಸಾಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ತನ್ನ ಕೃಷಿ ಇಂಜಿನಿಯರಿಂಗ್ ವಿಭಾಗದ ವಿದ್ಯಾರ್ಥಿಗಳನ್ನು ಈ ಕಾರ್ಯಕ್ಕೆ ಕಳುಹಿದರೆ ಅವರಿಗೂ ಪಾಠವಾಗುವದು, ಜಿಲ್ಲೆಗೆ ಒಂದು ಪಟ್ಟಿಯೂ ದೊರೆಯುವದು. ಸರಕಾರಿ ಕಚೇರಿಗಳ ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಹಳೆಯ ಯಂತ್ರಗಳನ್ನು ಹರಾಜಿಗಿಡುವ ಮೊದಲು ಹೆಸರು, ಅಂಕಿ, ಚಿತ್ರಗಳನ್ನು ದಾಖಲೆ ಮಾಡಿರಿ, ಜ್ಞಾನವುಳ್ಳವನೊಬ್ಬನ ಅಭಿಪ್ರಾಯವಿಲ್ಲದೆ ಕನಿಷ್ಠ ಬೆಲೆಯನ್ನು ಗೊತ್ತುಮಾಡಬೇಡಿರಿ.

ಸೇಡಮ್ ತಾಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯ ಕಲ್ಲನ್ನು ಇಂದು ಯಾರೂ ತೂಗಿ ಮಾರುವದಿಲ್ಲ. ಅದರ ಬೆಲೆಯನ್ನು ನಾವು ತಡವಾಗಿಯಾದರೂ ಕಲಿತೆವು. ಕಬ್ಬಿಣವು ಕಲ್ಲಿನಷ್ಟು ಕಾಲ ಕಾಯಲಾರದು. ಗುಜರಿಯವನು ಬಾಗಿಲಿಗೆ ಬಂದಾಗ ರೈತನು ಒಂದು ವಾರದ ಅವಧಿಯನ್ನು ಕೇಳಲಿ. ಆ ವಾರದಲ್ಲಿ ಬಲ್ಲವರೊಬ್ಬರಿಗೆ ತೋರಿಸಲಿ. ಕಾಯುವದರಿಂದ ಕಬ್ಬಿಣದ ತೂಕವೇನೂ ಕಡಿಮೆಯಾಗದು.