ಮಳೆಗಾಲಕ್ಕೆ ಬೂಟು ಬೇಡ: ಉಗುರಿನ ಶಿಲೀಂಧ್ರದ ಬಗ್ಗೆ ಒಂದಿಷ್ಟು

ನಮ್ಮ ಕಾಸರಗೋಡಿನಲ್ಲಿ ಶಾಲೆ ತೆರೆಯುವುದೂ ಮಳೆಗಾಲ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ, ಜೂನ್ ಮೊದಲ ವಾರ. ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಅದರ ಬಹುಪಾಲು ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಅದೇ ತಿಂಗಳುಗಳಲ್ಲಿ ಹಲವು ಶಾಲೆಗಳಲ್ಲಿ ಕಪ್ಪು ಬೂಟು, ಸಾಕ್ಸ್ ಕಡ್ಡಾಯ. ಬಸ್ಸಿಳಿದು ಕೆಸರಿನ ದಾರಿಯಲ್ಲಿ ನಡೆದು ಬರುವಾಗಲೇ ಸಾಕ್ಸ್ ಒದ್ದೆ. ಬೆಳಗ್ಗಿನಿಂದ ಸಂಜೆಯವರೆಗೆ ಕಾಲು ಆ ಬೂಟಿನೊಳಗೇ ಬೇಯುತ್ತದೆ. ಮರುದಿನಕ್ಕೆ ಬೂಟು ಒಣಗುವುದುಂಟೇ? ಒಲೆಯ ಹತ್ತಿರ ಇಟ್ಟರೂ ಒಣಗುವುದಿಲ್ಲ. ಶಿಲೀಂಧ್ರ ಬೆಳೆಸಬೇಕೆಂದು ನಾವು ಲ್ಯಾಬಿನಲ್ಲಿ ಪ್ರಯತ್ನಪಟ್ಟರೂ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಮಳೆಗಾಲ ಮುಗಿಯುವವರೆಗೆ ಬೂಟಿನ ನಿಯಮ ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಬ್ರೆಡ್ಡಿನ ಮೇಲೆ ಬೂಸಲು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಬೇಕಾದದ್ದು ಪಿಷ್ಟ. ನಮ್ಮ ಕಾಲಿಗೆ ಬರುವ ಟ್ರೈಕೋಫೈಟನ್ ಎಂಬ ಶಿಲೀಂಧ್ರಕ್ಕೆ ಬೇಕಾದದ್ದು ಕೆರಟಿನ್. ಚರ್ಮದ ಹೊರಪದರ, ಕೂದಲು, ಉಗುರು, ಈ ಮೂರರಲ್ಲೂ ಇರುವ ಗಟ್ಟಿ ಪ್ರೋಟೀನ್ ಅದು. ಬಹಳ ಜೀವಿಗಳಿಗೆ ಜೀರ್ಣಿಸಲಾಗದ ಈ ಪ್ರೋಟೀನನ್ನು ಕರಗಿಸುವ ಕಿಣ್ವ ಈ ಶಿಲೀಂಧ್ರದಲ್ಲಿ ಉಂಟು. ಮೊದಲು ಅದು ಬೆರಳ ಸಂದಿಗೆ ಬರುತ್ತದೆ. ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ತುರಿಸುತ್ತದೆ. ಕೆಸರುಹುಣ್ಣು ಎಂದು ಮನೆಯಲ್ಲಿ ಹೇಳುವುದು ಹಲವು ಸಲ ಇದನ್ನೇ. ಹಾಗೇ ಬಿಟ್ಟರೆ ಅಲ್ಲಿಂದ ಉಗುರಿನ ಅಡಿಗೆ ನುಸುಳುತ್ತದೆ. ಮಕ್ಕಳಲ್ಲಿ ಉಗುರಿಗೆ ಇಳಿಯುವುದು ಕಡಿಮೆ, ದೊಡ್ಡವರಲ್ಲಿ ಹೆಚ್ಚು. ಆದ್ದರಿಂದ ನಿಮ್ಮ ಕಾಲು ಮಾತ್ರ ಅಲ್ಲ, ತೋಟದಿಂದ ಬಂದ ಅಪ್ಪನ ಕಾಲು, ಅಜ್ಜನ ಕಾಲು ಕೂಡ ಒಮ್ಮೆ ನೋಡಿ.

ಗುರುತಿಸುವುದು ಹೇಗೆ? ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಉಗುರಿನ ತುದಿ ಅಥವಾ ಬದಿ ಹಳದಿಯೋ ಬಿಳಿಯೋ ಆಗುತ್ತದೆ. ನಿಧಾನವಾಗಿ ಉಗುರು ದಪ್ಪವಾಗುತ್ತದೆ, ಅಡಿಯಲ್ಲಿ ಪುಡಿಪುಡಿ ಸೇರುತ್ತದೆ, ಕೊನೆಗೆ ಉಗುರು ಎದ್ದು ನಿಲ್ಲುತ್ತದೆ. ಸುರುವಿಗೆ ನೋವಿಲ್ಲ, ಅದಕ್ಕೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಬಣ್ಣ ಬದಲಾದ ಉಗುರೆಲ್ಲ ಶಿಲೀಂಧ್ರ ಅಲ್ಲ. ಮದರಂಗಿ ಹಚ್ಚಿದರೆ ಬಣ್ಣ ಹಿಡಿಯುತ್ತದೆ, ಹಸಿ ಅಡಿಕೆ ಸುಲಿದರೆ ಕಲೆ ಆಗುತ್ತದೆ, ಫುಟ್ಬಾಲಿನಲ್ಲಿ ಪೆಟ್ಟು ಬಿದ್ದರೆ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ದಿನವಿಡೀ ಪಾತ್ರೆ, ಬಟ್ಟೆ ತೊಳೆಯುವ ಅಮ್ಮಂದಿರ ಕೈಬೆರಳಿಗೆ ಬರುವ ಉಗುರುಸುತ್ತು ಬೇರೆಯೇ ಕತೆ. ಸೋರಿಯಾಸಿಸ್ ಕೂಡ ಉಗುರನ್ನು ಕೆಡಿಸುತ್ತದೆ. ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಶಿಲೀಂಧ್ರ ಕಾರಣ. ಹಾಗಾಗಿ ನೋಡಿದ ಕೂಡಲೇ ಮದ್ದು ತಿನ್ನುವುದಲ್ಲ, ಪರೀಕ್ಷೆ ಆಗಬೇಕು. ಆ ಪರೀಕ್ಷೆ ನಿಮಗೆ ಅರ್ಥವಾಗುವಂಥದ್ದೇ. ಉಗುರಿನ ಪುಡಿಯನ್ನು ಪೊಟಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡುತ್ತಾರೆ. ಪ್ರತ್ಯಾಮ್ಲಕ್ಕೆ ಕೆರಟಿನ್ ಕರಗುತ್ತದೆ. ಕೈಟಿನ್ ಇರುವ ಶಿಲೀಂಧ್ರದ ಭಿತ್ತಿ ಕರಗದೆ ಉಳಿದು, ಮೈಕ್ರೋಸ್ಕೋಪಿನಲ್ಲಿ ನೂಲಿನ ಹಾಗೆ ಕಾಣುತ್ತದೆ. (ಲ್ಯಾಬಿನ ದ್ರಾವಣ ತಂದು ಕಾಲಿಗೆ ಹಚ್ಚುವ ಸಾಹಸ ಬೇಡ. ಚರ್ಮದಲ್ಲಿರುವುದೂ ಕೆರಟಿನ್ನೇ.)

ಚಿಕಿತ್ಸೆಯಲ್ಲಿ ಕಷ್ಟದ ಸಂಗತಿ ಕಾಯುವುದು. ಅಮೆರಿಕದ ವಿಲಿಯಂ ಬೀನ್ ಎಂಬ ವೈದ್ಯರು 1941ರಿಂದ 35 ವರ್ಷ ತಮ್ಮ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಅರದಿಂದ ಗೆರೆ ಹಾಕಿ, ಅದು ತುದಿಗೆ ಬರಲು ಎಷ್ಟು ದಿನ ಬೇಕೆಂದು ಅಳೆದು ಬರೆದಿಟ್ಟರು. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿ.ಮೀ., 67ರಲ್ಲಿ 0.095 ಮಿ.ಮೀ. ಅರ ಮತ್ತು ಸ್ಕೇಲು ಬಿಟ್ಟರೆ ಬೇರೆ ಉಪಕರಣ ಇಲ್ಲದೆ ನಡೆದ ವಿಜ್ಞಾನ! ಕೈಯ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆದರೆ ಕಾಲಿನದ್ದು ಒಂದರಿಂದ ಒಂದೂವರೆ ಮಾತ್ರ. ಹಾಗಾಗಿ ಡಾಕ್ಟ್ರು ಕೊಡುವ ಟೆರ್ಬಿನಾಫಿನ್ ಮಾತ್ರೆ ಸಾಮಾನ್ಯವಾಗಿ ಕೈಯ ಉಗುರಿಗೆ 6 ವಾರ, ಕಾಲಿನದ್ದಕ್ಕೆ 12 ವಾರ. ಮಾತ್ರೆ ಮುಗಿದರೂ ಕೆಟ್ಟ ಉಗುರು ಬೆಳೆದು ಹೋಗಿ ಹೊಸದು ಪೂರ್ತಿ ಬರಲು ಒಂದು ವರ್ಷದ ಮೇಲೆ ಬೇಕು. ಒಂದು ತಿಂಗಳಲ್ಲಿ ‘ಎಂತ ಗುಣವೂ ಇಲ್ಲ’ ಎಂದು ಮದ್ದು ಬಿಡುವವರೇ ಹೆಚ್ಚು. ಯಕೃತ್ತಿಗೆ ತೊಂದರೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಲು ಡಾಕ್ಟ್ರು ಹೇಳಿದರೆ ಮಾಡಿಸಬೇಕು.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಕಾಲು ತುರಿಸಿದರೆ ನಮ್ಮಲ್ಲಿ ಹೋಗುವುದು ಡಾಕ್ಟ್ರಲ್ಲಿಗಲ್ಲ, ಮೆಡಿಕಲ್ಲಿಗೆ. ಅಲ್ಲಿ ಒಂದು ಟ್ಯೂಬ್ ಸಿಗುತ್ತದೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಸ್ಟೀರಾಯ್ಡ್. ಸ್ಟೀರಾಯ್ಡಿನಿಂದ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಮನೆಯವರೆಲ್ಲ ಅದನ್ನೇ ಹಚ್ಚುತ್ತಾರೆ. ಆದರೆ ಅದು ನಿಲ್ಲಿಸಿದ್ದು ಚರ್ಮದ ಪ್ರತಿರೋಧವನ್ನು. ಶಿಲೀಂಧ್ರ ಆರಾಮವಾಗಿ ಹರಡುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ನಿಯಮ ಮಾಡಿದೆ. ಕೇಳುವವರು ನಾವು, ಕೊಡುವವರು ಅವರು, ನಿಯಮ ಪೇಪರಿನಲ್ಲಿ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಟೆರ್ಬಿನಾಫಿನ್‌ಗೆ ಬಗ್ಗದ ಹೊಸ ಪ್ರಭೇದವೊಂದಕ್ಕೆ ಟ್ರೈಕೋಫೈಟನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಇದೆ. ಅದು ಹೆಚ್ಚಾಗಿ ಚರ್ಮಕ್ಕೆ ಬರುವಂಥದ್ದು. ಈಗ ಅದು ಬೇರೆ ದೇಶಗಳಲ್ಲೂ ಕಾಣಿಸಿಕೊಂಡಿದೆ.

ತಡೆಯುವ ವಿಷಯಕ್ಕೆ ಬಂದರೆ, ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವುದು ಅಡಿಕೆ ಉದುರಿದ ಮೇಲಲ್ಲ, ಮಳೆ ಹಿಡಿಯುವ ಮೊದಲು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮತ್ತೆ ನಲುವತ್ತೈದು ದಿನದೊಳಗೆ ಇನ್ನೊಮ್ಮೆ. (ಕೊಳೆರೋಗದ ಫೈಟೋಫ್ತೋರಾ ಶಿಲೀಂಧ್ರದ ಹಾಗೆ ಕಂಡರೂ ನಿಜವಾದ ಶಿಲೀಂಧ್ರ ಅಲ್ಲ, ಅದು ಇನ್ನೊಂದು ಪಾಠ.) ಕಾಲಿಗೆ ಮೈಲುತುತ್ತು ಬೇಡ, ಒಣಗಿದ ಬಟ್ಟೆ ಸಾಕು. ಮನೆಗೆ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದಿಯನ್ನೂ ಒರೆಸುವುದು, ಉಗುರನ್ನು ನೇರವಾಗಿ ಕತ್ತರಿಸುವುದು, ಒಬ್ಬರ ಚಪ್ಪಲಿ, ಟವೆಲು, ಉಗುರು ಕತ್ತರಿ ಇನ್ನೊಬ್ಬರು ಬಳಸದಿರುವುದು. ಮನೆಯಲ್ಲಿ ಶುಗರ್ ಇರುವವರಿದ್ದರೆ ಅವರ ಕಾಲಿನ ಉಗುರು ಕೆಟ್ಟದ್ದು ಕಂಡ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅವರಿಗೆ ಸಣ್ಣ ಬಿರುಕೂ ದೊಡ್ಡ ಹುಣ್ಣಾಗಬಹುದು.

‘ಬೂಟಿಲ್ಲದಿದ್ದರೆ ಇಲಿಜ್ವರ ಬರುವುದಿಲ್ಲವೇ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬರಿಗಾಲಲ್ಲಿ ನಡೆಯಿರಿ ಎಂದು ನಾನು ಹೇಳುತ್ತಿಲ್ಲ, ಕಾಲಿನಲ್ಲಿ ಗಾಯ ಇರುವಾಗ ಕಟ್ಟಿನಿಂತ ನೀರಿಗೆ ಇಳಿಯಲೂ ಬಾರದು. ಆದರೆ ನೀರು ತುಂಬಿದ ಬೂಟು ಇಲಿಜ್ವರವನ್ನೂ ತಡೆಯುವುದಿಲ್ಲ. ತೊಳೆದು ಒರೆಸಿದರೆ ಐದು ನಿಮಿಷದಲ್ಲಿ ಒಣಗುವ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಸಾಕು. ಬೆಲೆಯೂ ಕಡಿಮೆ.

ಈ ಮಾತು ಪಿಟಿಎ ಸಭೆಯಲ್ಲಿ ಬರಬೇಕು. ಬರಿಗೈಯಲ್ಲಿ ಹೋದರೆ ಶಿಸ್ತಿನ ವಿಷಯವಾಗಿ ಮುಗಿದುಬಿಡುತ್ತದೆ. ಅದಕ್ಕೆ ನಮ್ಮ ವಿಜ್ಞಾನ ಸಂಘದ ಮಕ್ಕಳಿಗೆ ಒಂದು ಕೆಲಸ: ಹತ್ತು ಮಂದಿಯ ಒಣ ಸಾಕ್ಸನ್ನು ಲ್ಯಾಬಿನ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮಳೆ ಬಂದ ದಿನ ಸಂಜೆ ಅದೇ ಸಾಕ್ಸನ್ನು ಮತ್ತೆ ತೂಗಿ. ವ್ಯತ್ಯಾಸ ಎಷ್ಟು ಗ್ರಾಂ ಎಂದು ಪಟ್ಟಿ ಮಾಡಿ ಹೆಡ್‌ಮಾಷ್ಟ್ರ ಮೇಜಿನ ಮೇಲಿಡಿ.